ಷರತ್ತಿಲ್ಲದೆ ಕೊಟ್ಟ ಅಳು

ಸಿಂದಗಿಯ ನನ್ನ ಮನೆಯ ಮೇಲಿನ ಖೋಲಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತು ನಾಟಕಗಳಿಗೆ ಸಂಗೀತ ಕೂಡಿಸುವುದು ನನ್ನ ಕಸುಬು. ಮಳೆ, ರೈಲು, ಡೋಲು, ಯಾವ ಸದ್ದು ಬೇಕಾದರೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಯಾರೋ ಪುಣ್ಯಾತ್ಮರು ಧ್ವನಿ ಹಿಡಿದು, ಯಾರು ಬೇಕಾದರೂ ಬಳಸಿ ಎಂಬ ಪರವಾನಗಿ ಹಚ್ಚಿ ಇಟ್ಟಿರುತ್ತಿದ್ದರು. ಹತ್ತು ವರ್ಷ ಹಾಗೆ ತೆಗೆದುಕೊಂಡವನಿಗೆ, ನಾನೂ ಏನಾದರೂ ಕೊಡಬೇಕು ಅನ್ನಿಸಿತು. ನನ್ನ ಆ ದೊಡ್ಡಸ್ತಿಕೆಗೆ ಬೆಂಕಿ ಬೀಳಲಿ.

ನನ್ನ ಫೋನಿನಲ್ಲಿ ಅವ್ವನ ತಂಗಿ ಚಿಗವ್ವನ ಅಳು ಇತ್ತು. ಮುದ್ದೇಬಿಹಾಳದಲ್ಲಿ ಅವಳ ಮಗಳು, ನನ್ನ ತಂಗಿ, ತೀರಿಕೊಂಡ ದಿನದ್ದು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಸತ್ತವರ ಗುಣಗಳನ್ನು ಹಾಡ್ಯಾಡಿಕೊಂಡು ಅಳುತ್ತಾರೆ. ಅದರಲ್ಲಿ ಚಿಗವ್ವನಂಥವರು ಬಳಗದಲ್ಲೇ ಇರಲಿಲ್ಲ. ನಾನೂ ಅಳುತ್ತಲೇ ರೆಕಾರ್ಡ್ ಮಾಡಿಕೊಂಡಿದ್ದೆ. ಈಗ ಮಾತುಗಳನ್ನೆಲ್ಲ ಕತ್ತರಿಸಿ, ಕೊನೆಗೆ ಒಂದೇ ಉಸಿರಿನಲ್ಲಿ ಎಳೆದ ದನಿಯನ್ನಷ್ಟೇ ಇಂಟರ್ನೆಟ್ಟಿಗೆ ಏರಿಸಿದೆ. ಮಾತಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ವ್ಯಾಪಾರಕ್ಕೆ ಬಳಸಬಾರದು ಎಂಬ ಪರವಾನಗಿಯೂ ಅಲ್ಲಿತ್ತು. ದಾನಕ್ಕೆ ಷರತ್ತು ಯಾಕೆಂದು ಯಾವ ನಿರ್ಬಂಧವೂ ಇಲ್ಲದ್ದನ್ನೇ ಒತ್ತಿದೆ.

ವರ್ಷ ದಾಟಿತು. ಇಂಡಿ ಪಟ್ಟಣದಲ್ಲಿ ಬಳಗದವರ ಮದುವೆ. ಮೆರವಣಿಗೆಯ ಡಿಜೆ ಗಾಡಿಯಲ್ಲಿ ಹೊಸ ಹಾಡೊಂದು ಶುರುವಾಯಿತು. ಅದರ ನಡುನಡುವೆ ಚಿಗವ್ವನ ಆ ದನಿ. ಕುಣಿಯುವವರು ಅದಕ್ಕೇ ಕಾದು ಕಾದು ಜಿಗಿಯುತ್ತಿದ್ದರು. ಚಿಗವ್ವ ನನ್ನ ತೋಳು ಹಿಡಿದಳು.

"ತಮ್ಮಾ, ಇದು ನಾ ಅತ್ತದ್ದಲ್ಲೇನೋ?"

ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲ ಹೇಳಿದೆ.

"ಊರಿಗೆ ಉಪಕಾರಿ, ಮನಿಗೆ ಮಾರಿ ಆದೆಲ್ಲೋ. ನನಗ ಒಂದ್ ಮಾತು ಕೇಳಬೇಕು ಅನಸಲಿಲ್ಲೇನು?"

ಹಾಡು ಮಾಡಿದವರಿಗೆ ಕೈಮುಗಿದು ಬರೆದೆ. ಪರವಾನಗಿ ಓದಿಕೊಳ್ಳಿ, ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಎಂದು ಮರ್ಯಾದೆಯಿಂದಲೇ ಉತ್ತರ ಬಂತು. ಅವರದೇನೂ ತಪ್ಪಿರಲಿಲ್ಲ, ಜಗಳಕ್ಕೂ ದಾರಿಯಿರಲಿಲ್ಲ. ನಾನು ಏರಿಸಿದ್ದನ್ನು ಅಳಿಸಿದೆ. ಇಳಿಸಿಕೊಂಡವರ ಹತ್ತಿರ ಅದು ಇದ್ದೇ ಇತ್ತು. ಮತ್ತೆ ಎರಡು ಹಾಡುಗಳಲ್ಲಿ ಕೇಳಿಬಂತು. ಆಮೇಲೆ ಹುಡುಕುವ ಧೈರ್ಯವಾಗಲಿಲ್ಲ.

ಮೊನ್ನೆ ಬಸವನ ಬಾಗೇವಾಡಿಯಲ್ಲಿ ಸೋದರಮಾವ ತೀರಿಕೊಂಡ, ಚಿಗವ್ವನ ಒಬ್ಬನೇ ಅಣ್ಣ. ಅವಳು ಬಂದ ಕೂಡಲೇ ಹೆಂಗಸರು ಹೆಣದ ತಲೆಯ ಹತ್ತಿರ ಜಾಗ ಬಿಟ್ಟರು. ಇನ್ನು ಅವಳು ದನಿ ಎತ್ತುತ್ತಾಳೆಂದು ಕಾದರು. ಚಿಗವ್ವ ಬಾಯಿ ತೆರೆದಳು. ಬಾಗಿಲಲ್ಲಿ ನಿಂತ ನನ್ನನ್ನು ಕಂಡಳು. ಫೋನಿದ್ದ ನನ್ನ ಅಂಗಿಯ ಕಿಸೆ ನೋಡಿದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅಣ್ಣನ ಪಕ್ಕ ಕುಳಿತಳು.