ಮಾರ್ಲೀನಳ ಆರೋಗ್ಯದ ಬಣ್ಣ

ಇಂಗ್ಲೆಂಡಿನ ಉತ್ತರ ತೀರದ ನಮ್ಮ ಸೌತ್ ಶೀಲ್ಡ್ಸ್‌ನಲ್ಲಿ ಜನವರಿಯಲ್ಲಿ ಸೂರ್ಯ ಕಂಡರೆ ಜನ ಅನುಮಾನಪಡುತ್ತಾರೆ. ಅದಕ್ಕೇ ನನ್ನ ಸನ್‌ಬೆಡ್ ಅಂಗಡಿ ನಡೆಯುವುದು. ಆರು ಹಾಸಿಗೆ, ಮೇಲೂ ಕೆಳಗೂ ನೇರಳೆ ದೀಪ. ಮಲಗಿ ಮುಚ್ಚಳ ಎಳೆದುಕೊಂಡು ಒಂಬತ್ತು ನಿಮಿಷ ಬೆಂದರೆ ಸಾಕು, ನಾಲ್ಕೈದು ಸಲಕ್ಕೆ ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಚರ್ಮದ ಕ್ಯಾನ್ಸರ್ ಬರಬಹುದು ಎಂಬ ಬೋರ್ಡನ್ನು ನಾನೇ ಗೋಡೆಗೆ ಹಾಕಿದ್ದೇನೆ. ಬಂದವರೆಲ್ಲ ಅದರ ಮೇಲೇ ಕೋಟು ನೇತುಹಾಕುತ್ತಾರೆ.

ಮದುಮಗಳು ಫೋಟೋಗಾಗಿ ಬರುತ್ತಾಳೆ. ರಜೆಗೆಂದು ಬಿಸಿಲಿನ ಸ್ಪೇನಿಗೆ ಹೊರಟ ಹುಡುಗರು ಅಲ್ಲಿ ಸುಟ್ಟುಕೊಳ್ಳಬಾರದೆಂದು ಇಲ್ಲೇ ಸುಟ್ಟುಕೊಳ್ಳಲು ಬರುತ್ತಾರೆ. ಮಾರ್ಲೀನ್ ಬರುತ್ತಿದ್ದದ್ದು ಒಂದು ಮಾತಿಗಾಗಿ.

ಶಾಲೆಯ ಅಡುಗೆಮನೆಯಲ್ಲಿ ಬಡಿಸುವವಳು, ಅರವತ್ತರ ಹೆಂಗಸು, ಬಾಯಿ ಜೋರು. ಗಂಡ ಕೆನ್ ಸತ್ತ ವರ್ಷ ಇಡೀ ಬೀದಿ ಅವಳನ್ನು ಕಂಡಾಗಲೆಲ್ಲ ತಲೆ ಓರೆ ಮಾಡಿ, "ಅಯ್ಯೋ, ಎಷ್ಟು ಸೊರಗಿದ್ದೀಯಮ್ಮ" ಎನ್ನುತ್ತಿತ್ತು. ಕೇಳಿ ಕೇಳಿ ರೋಸಿಹೋಗಿ ನನ್ನಲ್ಲಿಗೆ ಬಂದಳು. ಎರಡು ವಾರಕ್ಕೆ ಮೀನಂಗಡಿಯ ಆಲ್ಬಿ, "ಏನ್ ಮಾರ್ಲೀನ್, ಚೆನ್ನಾಗಿದ್ದೀಯಲ್ಲ!" ಎಂದನಂತೆ. ನಮ್ಮೂರಲ್ಲಿ ಮೈ ಕಂದಾದರೆ ಆರೋಗ್ಯ, ಬಿಳಿಚಿದರೆ ಕಾಯಿಲೆ.

"ಆ ಮಾತು ಕೇಳಿ ವರ್ಷ ಆಗಿತ್ತು ಕಣೇ ಲೊರೇನ್," ಎಂದಳು ನನಗೆ. "ಮನೆಗೆ ಹೋಗಿ ಎರಡು ಪ್ಲೇಟ್ ಚಿಪ್ಸ್ ತಿಂದೆ."

ಅಲ್ಲಿಂದ ಒಂಬತ್ತು ವರ್ಷ, ವಾರಕ್ಕೆ ಮೂರು ಸಲ. ಶಾಲೆಯ ಮಕ್ಕಳು ಅವಳಿಗೆ 'ಟೋಸ್ಟ್' ಎಂದು ಹೆಸರಿಟ್ಟರು. ಅವಳು ಅದನ್ನೂ ಹೊಗಳಿಕೆ ಎಂದೇ ತಿಳಿದಳು.

ಈ ಜನವರಿಯಲ್ಲಿ ಅವಳು ಕಾಲುಚೀಲ ಬಿಚ್ಚುವಾಗ ಮೀನಖಂಡದ ಮೇಲೊಂದು ಮಚ್ಚೆ ಕಂಡಿತು. ಕಪ್ಪಗೆ, ಅಂಚು ಸೊಟ್ಟಪಟ್ಟ.

"ಇದು ಯಾವಾಗಿಂದ?"

"ಅದಾ? ಗ್ರೇವಿ ಸಿಡಿದಿರ್ಬೇಕು."

"ತೊಳೆದ್ರೂ ಹೋಗದ ಗ್ರೇವಿನಾ? ಡಾಕ್ಟರಿಗೆ ತೋರಿಸು."

"ತೋರಿಸಿದ್ರೆ ಸನ್‌ಬೆಡ್ ಬಿಡು ಅಂತಾರೆ. ಬಿಳಿಚ್ಕೊಂಡು ಮತ್ತೆ ಆ ಓರೆ ತಲೆಗಳನ್ನ ನೋಡ್ಲಾ? ಸಾಯೋದೇ ವಾಸಿ."

ನನಗೆ ಸಿಟ್ಟು ನೆತ್ತಿಗೇರಿತು. "ಸಾಯೋಕೆ ನನ್ನ ಅಂಗಡಿಗೆ ಬರ್ಬೇಡ. ತೋರಿಸೋ ತನಕ ಒಂದು ನಿಮಿಷಾನೂ ಕೊಡಲ್ಲ."

"ಒಂಬತ್ತು ವರ್ಷ ಕೊಟ್ಟೋಳು ನೀನೇ ಅಲ್ವೇನೇ?"

ನಾಚಿಕೆಯಾಯಿತು. ಅವಳ ಕೋಟನ್ನು ಕೈಗೆ ಕೊಟ್ಟು, ನಾನೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ.

ಅಲ್ಲಿ ಕಾಯುತ್ತಿದ್ದ ಮೂವರು ಒಬ್ಬರಾದ ಮೇಲೊಬ್ಬರು, "ಎಷ್ಟು ಚೆನ್ನಾಗಿದ್ದೀಯ, ನಿನಗೇನು ಕೆಲಸ ಇಲ್ಲಿ?" ಎಂದರು. "ಕೇಳಿಸ್ತಾ? ನಡಿ ಹೋಗೋಣ," ಎಂದು ಮಾರ್ಲೀನ್ ಏಳಲು ನೋಡಿದಳು. ನಾನು ಅವಳ ಕೋಟಿನ ಅಂಚಿನ ಮೇಲೆ ಕೂತಿದ್ದೆ.

"ಸನ್‌ಬೆಡ್ ಬಳಸ್ತೀರಾ?" ಎಂದು ಡಾಕ್ಟರು ಕೇಳಿದರು.

"ಛೇ, ಇಲ್ಲಪ್ಪ."

ಡಾಕ್ಟರು ಅವಳ ಮುಖ ನೋಡಿದರು, ಕಿಟಕಿಯಾಚೆ ಬೀಳುತ್ತಿದ್ದ ಹಿಮ ನೋಡಿದರು, ಏನೋ ಬರೆದುಕೊಂಡರು.

ಅದು ಕ್ಯಾನ್ಸರೇ ಆಗಿತ್ತು. ಆಸ್ಪತ್ರೆಯಲ್ಲಿ ಮಚ್ಚೆಯ ಜೊತೆ ಸುತ್ತಲಿನ ಮಾಂಸವನ್ನೂ ಕೊಯ್ದು ತೆಗೆದರು. ಏಪ್ರಿಲ್‌ನಲ್ಲಿ ಫಲಿತಾಂಶ ಕೇಳಲು ಇಬ್ಬರೂ ಹೋದೆವು. ಪೂರ್ತಿ ಹೋಗಿದೆ, ಎಲ್ಲಿಗೂ ಹರಡಿಲ್ಲ ಎಂದರು.

ವಾಪಸು ಬರುವಾಗ ಮೀನಂಗಡಿಗೆ ಹೋದೆವು. ಮಾರ್ಲೀನ್ ಅಷ್ಟು ಹೊತ್ತಿಗೆ ಮೈದಾಹಿಟ್ಟಿನಷ್ಟು ಬಿಳಿಚಿದ್ದಳು, ಕುಂಟುತ್ತಲೂ ಇದ್ದಳು. ಆಲ್ಬಿ ತಲೆ ಓರೆ ಮಾಡಿದ.

"ಅಯ್ಯೋ ಮಾರ್ಲೀನ್, ಏನಾಯ್ತಮ್ಮ? ಹುಷಾರಿಲ್ವಾ?"



"ಹುಷಾರಾದದ್ದೇ ಇವತ್ತು ಕಣೋ," ಎಂದಳು. ಕಣ್ಣಲ್ಲಿ ನೀರು ಬಂತು. "ಎರಡು ಕಾಡ್ ಮೀನು ಕಟ್ಟು."

ಆಲ್ಬಿ ಮೂರು ಕಟ್ಟಿದ. "ಇದೊಂದು ನನ್ನ ಕಡೆಯಿಂದ. ಪಾಪ, ಚೆನ್ನಾಗಿ ತಿಂದು ಸುಧಾರಿಸ್ಕೋ."

ಪಾಪ ಎಂದವರನ್ನು ಅವಳು ಸುಮ್ಮನೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಮಾರ್ಲೀನ್ ಪೊಟ್ಟಣ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದು ನನ್ನ ತೋಳು ಹಿಡಿದಳು.

"ಬಿಳಿಚ್ಕೊಂಡ್ರೆ ಮೀನು ಪುಕ್ಕಟೆ ಅಂತ ಯಾರೂ ಹೇಳ್ಲಿಲ್ವಲ್ಲೇ! ಊಟಕ್ಕೆ ಬಾ."