ಹಳದಿ ದಾರ ಬಂದ ದಿನ

ಮುಧೋಳದ ಬಸ್ಸಿನ ಡ್ರೈವರ್ ಕೈಯಲ್ಲಿ ನನ್ನ ತಂಗಿ ಶೇಂಗಾ ಹೋಳಿಗೆಯ ಡಬ್ಬಿ ಕಳಿಸಿದ್ದಳು. ಬಂದು ಹೋಗು ಎಂದು ಫೋನಿನಲ್ಲಿ ಕರೆಯುತ್ತಲೇ ಇರುತ್ತಾಳೆ, ನಾನು ಮುಂದಿನ ವಾರ ಎನ್ನುತ್ತಲೇ ಇರುತ್ತೇನೆ, ಹೋಳಿಗೆ ಮಾತ್ರ ತಪ್ಪದೆ ಬರುತ್ತದೆ. ನಿನ್ನೆ ನಮ್ಮೂರು ರಬಕವಿಯ ಬಸ್‌ಸ್ಟ್ಯಾಂಡಿನಲ್ಲಿ ಡಬ್ಬಿ ಇಸಿದುಕೊಂಡು ನೋಡಿದರೆ, ಮುಚ್ಚಳ ಬಿಚ್ಚದಿರಲೆಂದು ಸುತ್ತಲೂ ಹಳದಿ ದಾರ ಕಟ್ಟಿದ್ದಾಳೆ. ಹೋಳಿಗೆ ಎಂದರೆ ಪ್ರಾಣ ಬಿಡುವ ನಾನು ಗಂಟು ಬಿಚ್ಚಲಾರದೆ ನಿಂತುಬಿಟ್ಟೆ. ನಗಬೇಡಿ, ಕಾರಣವಿದೆ.

ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಗುರಪ್ಪ ಕಾಕಾ ಇದ್ದ. ಯಾವಾಗ ನೋಡಿದರೂ ಮೊಣಕೈವರೆಗೆ ಒಂದಲ್ಲ ಒಂದು ಬಣ್ಣ. ಅವನಿಗೆ ಬಾಗಲಕೋಟೆಯ ಸಣ್ಣ ಗಾಡಿಯ ಹುಚ್ಚು, ಅಂದರೆ ಹಳೆಯ ಮೀಟರ್‌ಗೇಜ್ ರೈಲಿನದು. ನಮ್ಮೂರಿಗೆ ಹಳಿಯೇ ಇರಲಿಲ್ಲ. ಇಲ್ಲದೂರಿನವರಿಗೇ ಈ ಹುಚ್ಚು ಹೆಚ್ಚೆಂದು ಕಾಣುತ್ತದೆ. ಡ್ರಾಯಿಂಗ್ ಮಾಸ್ತರರಿಗೆ, ನನಗೆ, ಇನ್ನಿಬ್ಬರಿಗೆ ಅದು ಅವನಿಂದಲೇ ಅಂಟಿತು. ರವಿವಾರ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗುವುದು, ಸಣ್ಣ ಗಾಡಿಯಲ್ಲಿ ಆಲಮಟ್ಟಿವರೆಗೆ ಹೋಗಿ ಅದೇ ಗಾಡಿಯಲ್ಲಿ ವಾಪಸಾಗುವುದು. ಅಲ್ಲೇನು ಕೆಲಸವೆಂದು ಮನೆಯವರು ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆವು.

ದೊಡ್ಡ ಹಳಿ, ಅಂದರೆ ಬ್ರಾಡ್‌ಗೇಜ್, ಹಾಕುವ ಕೆಲಸ ಶುರುವಾದ ಮೇಲೆ ಗಾಡಿ ಒಂದು ದಿನ ಓಡಿದರೆ ಒಂದು ದಿನ ಇಲ್ಲ. ಕೆಲಸ ಮುಗಿದರೆ ಸಣ್ಣ ಗಾಡಿ ಪೂರಾ ನಿಲ್ಲುವುದಿತ್ತು. ಎರಡು ಸಲ ಸುಮ್ಮನೆ ಹೋಗಿ ಬಂದು ಮನೆಯಲ್ಲಿ ಬೈಸಿಕೊಂಡೆವು. ಆಗ ದಾರಿ ತೋರಿದವಳು ಕಾಕಾನ ತಂಗಿ ಕಲ್ಲವ್ವ. ಅವಳು ಬಾಗಲಕೋಟೆ ಸ್ಟೇಷನ್ನಿನ ಎದುರು ಹೂ ಮಾರುತ್ತಿದ್ದಳು. ಶನಿವಾರ ಮರುದಿನದ ಗಾಡಿ ವಿಚಾರಿಸಿ, ನಮ್ಮೂರ ಬಸ್ಸಿನ ಕನ್ನಡಿಗೆ ಕಾಕಾ ಕೊಟ್ಟ ದಾರ ಕಟ್ಟಿ ಕಳಿಸುವಳು. ಕೆಂಪು ಇದ್ದರೆ ಗಾಡಿ ಉಂಟು, ಬಿಳಿ ಇದ್ದರೆ ಇಲ್ಲ. ಸಂಜೆ ನಾವೆಲ್ಲ ಬಸ್ಸಿಗೆ ಕಾಯುತ್ತಿದ್ದೆವು.

"ಕಡೇ ದಿನಕ್ಕ ಕರೇ ದಾರ ಕಟ್ಟಲೇನಣ್ಣಾ?" ಎಂದು ಒಮ್ಮೆ ಕೇಳಿದಳು.

"ಕರೇದು ನಾ ಕೊಡಂಗಿಲ್ಲ. ಹಳದಿ ಕಟ್ಟು. ಅವತ್ತ ನೀನೂ ನನ್ನ ಜೋಡಿ ಹತ್ತಬೇಕ ನೋಡು," ಎಂದ ಕಾಕಾ.

ದಿನವೂ ಗಾಡಿ ನೋಡುತ್ತ ಬದುಕಿದವಳು ಒಮ್ಮೆಯೂ ಹತ್ತಿರಲಿಲ್ಲ. ಹೂ ಬಾಡುತ್ತವಲ್ಲ. ನಾವು ಹೋದಾಗಲೆಲ್ಲ "ಮನೀಗೆ ಬಂದು ಚಾ ಕುಡದ ಹೋಗ್ರಿ" ಎನ್ನುವಳು. "ಗಾಡಿ ತಪ್ಪತೈತಿ," ಎಂದು ಕಾಕಾ ಓಡುವನು, ಹಿಂದೆ ನಾವು.

ಒಂದು ಸಂಜೆ ಹಳದಿ ದಾರ ಬಂತು. ಮಾಸ್ತರರು ಕಣ್ಣೊರೆಸಿಕೊಂಡರು. ಮರುದಿನ ಬುತ್ತಿ ಕಟ್ಟಿಕೊಂಡು, ಎಂಜಿನ್ನಿಗೆಂದು ದೊಡ್ಡ ಹಾರ ಹಿಡಿದು ಹೋದೆವು. ಗಾಡಿ ಎಂದಿನಂತೆ ನಿಂತಿತ್ತು. ಇವತ್ತೇ ಕಡೆಯ ದಿನವಂತೆ ಎಂದರೆ, ಟಿಕೀಟು ಕೊಡುವವರು "ಯಾರ್ ಹೇಳಿದ್ರಿ? ಇನ್ನೂ ಭಾಳ ದಿನ ಓಡತೈತಿ," ಎಂದರು. ಕಲ್ಲವ್ವ ಕೂರುವ ಜಾಗ ಖಾಲಿ ಇತ್ತು. ಹುಡುಕಿಕೊಂಡು ಹೋದರೆ, ಹಿಂದಿನ ಓಣಿಯ ಮನೆಯಲ್ಲಿ ಅವಳು ಹಾಸಿಗೆ ಹಿಡಿದಿದ್ದಳು. ದಾರವನ್ನು ಮಗಳ ಕೈಯಿಂದ ಕಟ್ಟಿಸಿದ್ದಳಂತೆ.

"ಗಾಡಿ ಓಡಾಕತ್ತೈತಲ್ಲ ತಂಗೀ," ಎಂದ ಕಾಕಾ.

"ಗಾಡೀದಲ್ಲಣ್ಣಾ, ನಂದು," ಎಂದಳು. "ಮನೀಗೆ ಬಾ ಅಂದ್ರ ಗಾಡಿ ತಪ್ಪತೈತಿ ಅಂತಿದ್ದಿ. ಅದಕ್ಕ ಗಾಡೀ ಸುದ್ದೀನ ಕಳಿಸಿದ್ನಿ."

ಸ್ಟೇಷನ್ನಿನಲ್ಲಿ ಗಾಡಿ ಕೂಗಿತು. ಕಾಕಾ ಅವಳ ಕಾಲು ಒತ್ತುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಅವತ್ತು ನಾವ್ಯಾರೂ ಗಾಡಿ ಹತ್ತಲಿಲ್ಲ. ನಾವು ತಂದ ಆ ಹಾರ ಎಲ್ಲಿಡಬೇಕೆಂದು ತಿಳಿಯದೆ ಮಾಸ್ತರರು ಹೊರಗೇ ನಿಂತಿದ್ದರು. ವಾರದೊಳಗೆ ಕಲ್ಲವ್ವ ಹೋದಳು.

ಗಾಡಿಯ ನಿಜವಾದ ಕಡೇ ದಿನ ಯಾವಾಗ ಬಂತೋ ನಮಗೆ ಗೊತ್ತಾಗಲಿಲ್ಲ, ಹೇಳುವವರಿರಲಿಲ್ಲ. ಅದು ನಿಂತುಹೋದ ಸುದ್ದಿ ಮಾಸ್ತರರು ತಂದಾಗ ಕಾಕಾ ಬಣ್ಣದ ಹಂಡೆಯಿಂದ ಕೈ ತೆಗೆಯದೆ, "ಕಲ್ಲವ್ವ ಹೇಳಿಲ್ಲಲ್ರಿ," ಎಂದ. ಆಮೇಲೆ ಹಳದಿ ನೂಲಿನ ಕೆಲಸ ಬಂದರೆ ಬೇರೆಯವರಿಗೆ ಕಳಿಸುತ್ತಿದ್ದ. ಈಗ ಅವನೂ ಇಲ್ಲ.

ಇಷ್ಟು ಕೇಳಿದ ಮೇಲೆ ನೀವೇ ಹೇಳಿ, ಆ ಡಬ್ಬಿಯ ಗಂಟು ಹೇಗೆ ಬಿಚ್ಚಲಿ? ತಿರುಗಿ ಹೊರಟಿದ್ದ ಅದೇ ಬಸ್ಸು ಹತ್ತಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಧೋಳಕ್ಕೆ ಹೋದೆ. ನನ್ನನ್ನು ಬಾಗಿಲಲ್ಲಿ ಕಂಡು ತಂಗಿ ಗಾಬರಿಯಾದಳು.

"ಏನಾತಣ್ಣಾ? ಹೋಳಿಗಿ ಕೆಟ್ಟಾವೇನು?"

"ಇಲ್ಲ. ಈ ದಾರ ಯಾಕ ಕಟ್ಟಿದಿ?"

"ಕೈಗೆ ಸಿಕ್ಕದ್ದು ಕಟ್ಟೇನಿ. ಯಾಕ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ಅವಳು ಚಹಾಕ್ಕೆ ಇಟ್ಟಳು. ಮಾತಾಡುತ್ತ ಕತ್ತಲಾಯಿತು.

"ಕಡೇ ಬಸ್ ತಪ್ಪತೈತಿ ನೋಡಣ್ಣಾ," ಎಂದಳು.

"ತಪ್ಪಲಿ," ಎಂದೆ.