ದೊಡ್ಡಪ್ಪ ಸಮುದ್ರದಲ್ಲಿ ಬಾವಿ ಈಜಿದ್ದು

ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ರಾಗಿ ಕಣ ಮುಗಿದ ಮೇಲೆ, ಯಲ್ದೂರಿನ ನಮ್ಮ ದೊಡ್ಡಪ್ಪ ದೊಡ್ಡಮ್ಮ ಧರ್ಮಸ್ಥಳದ ಹರಕೆ ತೀರಿಸಿ, ಹಾಗೇ ಸಮುದ್ರ ನೋಡಲು ಮಲ್ಪೆಗೂ ಹೋದರು. ಕಾಲೇಜು ಓದುವವನೊಬ್ಬ ಜೊತೆಗಿದ್ದರೆ ಬಸ್ಸಿನ ಬೋರ್ಡು ಓದಲು ಅನುಕೂಲವೆಂದು ನನ್ನನ್ನೂ ಕರೆದುಕೊಂಡಿದ್ದರು. ಸಮುದ್ರ ಯಾವ ಬಣ್ಣಕ್ಕಿತ್ತೆಂದು ಈಗ ಕೇಳಿದರೆ ನೀಲಿ ಎನ್ನುತ್ತೇನೆ. ಅದು ಆಮೇಲೆ ಯಾವುದೋ ಕ್ಯಾಲೆಂಡರಿನಲ್ಲಿ ಕಂಡ ನೀಲಿಯೂ ಇರಬಹುದು. ದಡದ ತೆಂಗು, ದೂರದ ದ್ವೀಪ, ಮೀನಿನ ಬುಟ್ಟಿಗಳ ಮೇಲೆ ಸುತ್ತುತ್ತಿದ್ದ ಹದ್ದುಗಳು ಮಾತ್ರ ಖಂಡಿತ ಇದ್ದವು.

ದೊಡ್ಡಪ್ಪ ನಮ್ಮ ಕಡೆ ಹೆಸರಾದ ಈಜುಗಾರ. ಬಾವಿಗೆ ಬಿದ್ದ ಕೊಡ, ಮೇಕೆ, ಪಂಪಿನ ಪೈಪು ಎಲ್ಲವನ್ನೂ ಮೇಲೆ ತಂದವರು. ಸಮುದ್ರವನ್ನೂ ಈಜಿ ಬರುತ್ತೇನೆಂದು ಊರಿಗೆಲ್ಲ ಹೇಳಿ ಹೊರಟಿದ್ದರು.

"ಬಾವಿ ಬೇರೆ, ಇದು ಬೇರೆ. ಸುಮ್ನೆ ದಡದಲ್ಲಿ ಕೂತ್ಕೊಂಡು ಕಡ್ಲೆಕಾಯಿ ತಿನ್ನಬಾರ್ದಾ?" ಎಂದರು ದೊಡ್ಡಮ್ಮ.

"ಎಲ್ಲಿದ್ರೂ ನೀರು ನೀರೇ ಕಣೇ. ನೋಡ್ತಿರು."

ನೀರಿಗಿಳಿದ ದೊಡ್ಡಪ್ಪ, ಅಲೆಗಳ ನಡುವೆ ಮರ್ಯಾದೆ ಉಳಿಯದೆಂದು ಎರಡೇ ನಿಮಿಷದಲ್ಲಿ ಅರಿತು, ದೋಣಿ ಕಟ್ಟುವ ದಕ್ಕೆಯ ಕಡೆ ಬಂದರು. ಅಲ್ಲಿ ನೀರು ಶಾಂತವಾಗಿತ್ತು, ಹಾರಲು ಕಟ್ಟೆಯೂ ಇತ್ತು. ಹಾರಿದ್ದೇನೋ ಚೆನ್ನಾಗಿಯೇ. ಆದರೆ ಚಿಕ್ಕಂದಿನಿಂದ ಬಾವಿಯಲ್ಲೇ ಈಜಿದ ಮೈ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗೋಡೆ ಬಂತೆಂದು ತಾನಾಗಿ ತಿರುಗಿತು. ಎದುರಿಗೆ ಇಡೀ ಅರಬ್ಬೀ ಸಮುದ್ರ ಖಾಲಿ ಬಿದ್ದಿದ್ದರೂ ದೊಡ್ಡಪ್ಪ ಒಂದೇ ಕಡೆ ಗುಂಡಗೆ ಸುತ್ತತೊಡಗಿದರು.

ಬಲೆ ಸರಿಮಾಡುತ್ತಿದ್ದ ಇಬ್ಬರು ಮೀನುಗಾರರು ಸ್ವಲ್ಪ ಹೊತ್ತು ನೋಡಿ, ದೋಣಿ ಹತ್ತಿರ ತಂದರು.

"ಎಂಥ ಬಿದ್ದು ಹೋಯ್ತು ಮಾರಾಯ್ರೆ? ಆಗಿಂದ ಹುಡುಕ್ತಾ ಇದ್ದೀರಲ್ಲ?"

ದಕ್ಕೆಯ ಮೇಲೆ ದೊಡ್ಡಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ದೊಡ್ಡಪ್ಪ ಅದನ್ನು ನೋಡಿದರು.

"ಉಂಗುರ," ಎಂದರು.

ಪಾಪ, ಇಬ್ಬರೂ ನೀರಿಗೆ ಧುಮುಕಿ ಹುಡುಕಲು ನಿಂತರು. ದೊಡ್ಡಪ್ಪ ಬೆರಳಿಂದ ಜಾರಿಸಿಕೊಂಡ ಉಂಗುರವನ್ನು ಮುಷ್ಟಿಯಲ್ಲಿ ಅಡಗಿಸಿ, ಮೆಟ್ಟಿಲು ಹತ್ತಿ ಬಂದು ಮುಖ ಬಾಡಿಸಿ ಕೂತರು. ಅದು ಮದುವೆಯಲ್ಲಿ ದೊಡ್ಡಮ್ಮನ ತವರಿನವರು ಹಾಕಿದ ಕೆಂಪು ಕಲ್ಲಿನ ಉಂಗುರ. ದೊಡ್ಡಮ್ಮನ ನಗು ನಿಂತಿತು. ಮರುಗಳಿಗೆ ಅವರ ಕಣ್ಣು ಗಂಡನ ಮುಷ್ಟಿಯ ಮೇಲೆ ಬಿತ್ತು. ಬೆರಳ ಸಂದಿಯಲ್ಲಿ ಕೆಂಪಗೆ ಹೊಳೆದದ್ದನ್ನು ನಾನೂ ಕಂಡೆನೋ, ಅವರು ಹೇಳಿ ಹೇಳಿ ಕಂಡಂತಾಗಿದೆಯೋ, ಆಣೆ ಮಾಡಲಾರೆ.

"ಸಾಕು ಬನ್ರಣ್ಣ ಮೇಲೆ. ಹಳೇದು, ಸವೆದೋಗಿತ್ತು. ಹೋದ್ರೆ ಹೋಗ್ಲಿ," ಎಂದು ದೊಡ್ಡಮ್ಮ ಮೀನುಗಾರರನ್ನು ಕರೆದರು. ಅವರು ಮರುಗುತ್ತ ಮೇಲೆ ಬರುವಾಗ, ಅವರಿಗೆ ತಿಳಿಯದಿರಲೆಂದು ನಮ್ಮ ಗಡಿ ಕಡೆಯ ತೆಲುಗಿನಲ್ಲಿ, ಕೈಲಿರುವುದನ್ನು ಇತ್ತ ಕೊಡು ಎಂದು ಅಂಗೈ ಚಾಚಿದರು: "ಚೇತಿಲೋದಿ ಇಟ್ಲಾ ಇಯ್ಯಿ."

ದೊಡ್ಡಪ್ಪ ಕೊಟ್ಟರು.

ಊರಿಗೆ ಮರಳುತ್ತ ಹತ್ತಿರದ ಶ್ರೀನಿವಾಸಪುರದಲ್ಲಿ ಬಸ್ಸಿಳಿದಾಗ ಉಂಗುರ ದೊಡ್ಡಮ್ಮನ ಹೆಬ್ಬೆರಳಲ್ಲಿತ್ತು. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಸಮುದ್ರದಲ್ಲಿ ಬಿದ್ದೋಗಿತ್ತು. ಇವ್ರೇ ಮುಳುಗಿ ತಂದ್ಕೊಟ್ರು." ಪಕ್ಕದಲ್ಲಿ ನಿಂತ ದೊಡ್ಡಪ್ಪ ನೀರು ಎಷ್ಟು ಆಳವಿತ್ತೆಂದು ಕೈ ಎತ್ತಿ ತೋರಿಸುತ್ತಿದ್ದರು. ಉಂಗುರವನ್ನು ಮಾತ್ರ ವಾಪಸ್ಸು ಕೇಳಲಿಲ್ಲ.